ಹಿತ್ತಿಲ ಮರದ ಜಗಲಿ

ಮನೆ ಕಟ್ಟಿಸತಕ್ಕವರು ಮುಂಬಾಗಿಲಿನ ವಿಷಯದಲ್ಲಿ ತೋರಿಸುವ ಶ್ರದ್ಧೆಯ ಹತ್ತರಲ್ಲೊಂದು ಪಾಲನ್ನು ಹಿತ್ತಿಲಿಗೆ ತೋರಿಸುವುದು ಅಪರೂಪ. ಬೀದಿಯ ಕಡೆಗೆ ಕೆತ್ತನೆಯ ಕಂಬಗಳೇ ಆಗಬೇಕು. ಹಿತ್ತಿಲಿಗೆ ಒಗೆಯುವ ಕಲ್ಲೊಂದಿದ್ದರೆ ಸಾಕೆಂಬ ಭಾವನೆ. ಆದರೆ ಗೃಹಕೃತ್ಯದ ಬಹುಭಾಗವು ಹಿಂಬಾಗಿಲಿನ ಆಚೆಗೇ ನಡೆಯತಕ್ಕದ್ದೆಂಬುದು ನಿರ್ವಿವಾದ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಹಳೆಯ ಮನೆಗಳಲ್ಲಿ ಹುರುಳಿ ಕೇರುವುದು, ಹಪ್ಪಳ ಒಣಗಿಸುವುದು, ಹೂ ಕಟ್ಟುವುದು, ಮುದುಕರು ಎಳೆಬಿಸಿಲು ಕಾಯುವುದು ಎಲ್ಲವೂ ಅಲ್ಲಿಯೇ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲಕ್ಕೆ ತಮಿಳರ ‘ತಿಣ್ಣೈ’ಯೂ ಪರಿಚಿತ, ಮೈಸೂರಿನವರ ಜಗಲಿಯೂ ಪರಿಚಿತ, ಎರಡೂ ಬೀದಿಗೆ ಮುಖ ಮಾಡಿದವು. ಹಿತ್ತಿಲ ಜಗಲಿಯ ವಿಚಾರವನ್ನು ನಾನು ಕಷ್ಟಪಟ್ಟು ಕಲಿತವನಾದುದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮದು ಮಣ್ಣಿನ ಗೋಡೆಯ, ನಾಡಹೆಂಚಿನ ಮನೆ. ಹಿಂಬಾಗಿಲಿನ ಹೊಸ್ತಿಲು ನೆಲಕ್ಕಿಂತ 27 ಅಂಗುಲ ಎತ್ತರದಲ್ಲಿದ್ದು, ಇಳಿಯಲು ಒಂಬತ್ತು ಅಂಗುಲದ ಮೂರು ಮೆಟ್ಟಿಲುಗಳಿದ್ದವು. ನಾಲ್ಕು ವರ್ಷಗಳ ಹಿಂದೆ ನಮ್ಮ ತಾಯಿಯವರು ಅಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಆದರೆ ಧೈರ್ಯವು ಕೂಡಲಿಲ್ಲ. ಬೇವಿನ ಮರದ ನೆರಳನ್ನು ಅವರು ಕಿಟಕಿಯಿಂದಲೇ ನೋಡುವಂತಾಯಿತು.

ಒಡನೆಯೇ ಒಬ್ಬ ಮೇಸ್ತ್ರಿಯನ್ನು ಕರೆಯಿಸಿ, ಹೊಸ್ತಿಲ ಮಟ್ಟಕ್ಕೆ ಮಣ್ಣು ತುಂಬಿ ಸಿಮೆಂಟಿನ ಕಟ್ಟೆಯೊಂದನ್ನು ಗೋಡೆಗೆ ಅಂಟಿಸಿಯೇ ಕಟ್ಟಿಸಿದೆನು. ನೋಟಕ್ಕೆ ಚೆನ್ನಾಗಿಯೇ ಇತ್ತು. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮಳೆಯೊಂದು, ಸೆಪ್ಟೆಂಬರ್ ಅಕ್ಟೋಬರ್‌ಗಳ ಮಳೆಯೊಂದು ಹೀಗೆ ಎರಡು ಸಲ ನೆಲ ನೆನೆಯುತ್ತದೆ. ಕಟ್ಟೆಯೊಳಗೆ ಇಳಿದ ನೀರಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಮೇಲಿನ ಸಿಮೆಂಟು ಅದನ್ನು ಆರಗೊಡಲಿಲ್ಲ. ಅದು ಪಕ್ಕದ ಮಣ್ಣಿನ ಗೋಡೆಯನ್ನೇ ಹೀರುಬಟ್ಟೆಯಾಗಿ ಮಾಡಿಕೊಂಡಿತು. ಎರಡನೆಯ ವರ್ಷದ ಅಕ್ಟೋಬರಿನ ಒಂದು ರಾತ್ರಿ ಅಡಿಗೆಮನೆಯ ಗೋಡೆಯ ಮೂರು ಮೊಳ ಭಾಗವು ಒಳಕ್ಕೆ ಕುಸಿಯಿತು. ಅಲ್ಲಿ ಆ ಹೊತ್ತಿನಲ್ಲಿ ಯಾರೂ ಮಲಗಿರಲಿಲ್ಲವೆಂಬುದೇ ಪುಣ್ಯ. ತಪ್ಪು ಮೇಸ್ತ್ರಿಯದಕ್ಕಿಂತಲೂ ಹೆಚ್ಚಾಗಿ ನನ್ನದೇ. ಮಣ್ಣಿನ ಗೋಡೆಗೆ ಉಸಿರಾಡಲು ಎಡೆಯಿರಬೇಕೆಂಬುದನ್ನು ಯೋಚಿಸದೆ ಅವಸರಪಟ್ಟವನು ನಾನು.

ಗೋಡೆಯನ್ನು ಮತ್ತೆ ಮಣ್ಣಿನಿಂದಲೇ ಎತ್ತಿಸಿ ಸುಣ್ಣದ ಗಾರೆ ಹಚ್ಚಿಸಿದ ಮೇಲೆ, ಈ ಸಲ ಕಾಲುಗಳ ಮೇಲೆ ನಿಲ್ಲುವ ಮರದ ಜಗಲಿಯೇ ಸರಿಯೆಂದು ನಿಶ್ಚಯಿಸಿದೆವು. ಹೊಲ ಕಾಯುವ ಅಟ್ಟಣೆಯನ್ನು ಕಂಡವರಿಗೆ ಇದರ ತತ್ತ್ವ ಹೊಸದಲ್ಲ: ಕೆಳಗೆ ಗಾಳಿ, ಮೇಲೆ ಹಲಗೆ, ನಡುವೆ ನೀರು ನಿಲ್ಲಲು ಸ್ಥಳವಿಲ್ಲ.

ಅಳತೆ ಗೋಡೆಯುದ್ದಕ್ಕೆ 12 ಅಡಿ, ಹಿತ್ತಿಲ ಕಡೆಗೆ 8 ಅಡಿ. ಒಂದು ಮಂಚ, ಒಂದು ಮೊರ, ಇಬ್ಬರು ಮಕ್ಕಳು ಹಿಡಿಸಬೇಕೆಂಬುದೇ ಲೆಕ್ಕ. ಈ ಜಿಲ್ಲೆಯು ಕರಿಕಲ್ಲಿಗೆ ಹೆಸರಾದದ್ದು. ನುಣುಪು ಮಾಡಲು ಬಾರದ ತುಂಡುಗಳು ಗೃಹಸ್ಥನಿಗೆ ಕಂಬವಾಗಿ ಒದಗುತ್ತವೆ. 3 ಅಡಿ 4 ಅಂಗುಲದ ಹನ್ನೆರಡು ಕಲ್ಲುಗಳನ್ನು ನಾಲ್ಕರಂತೆ ಮೂರು ಸಾಲಾಗಿ, 2 ಅಡಿ ಹೂತು ನಿಲ್ಲಿಸಿದೆವು. ಒಂದು ಗುಂಡಿಯಲ್ಲಿ ಬೇವಿನ ದಪ್ಪ ಬೇರು ಅಡ್ಡ ಬಂದಿತು. ಕೂಲಿಯವನು ಕೊಡಲಿ ಎತ್ತಿದ್ದನು. ತಾಯಿಯವರು ಕಿಟಕಿಯಿಂದ ಕೂಗಿ ನಿಲ್ಲಿಸಿದರು. ಕಂಬವನ್ನು ಅರ್ಧ ಅಡಿ ಸರಿಸಿದರೆ ತೊಲೆಗೆ ಯಾವ ಬಾಧೆಯೂ ಇಲ್ಲ, ಬೇರು ಹೋದರೆ ನೆರಳು ಹೋದಂತೆಯೇ.

ಕಲ್ಲಿನ ಮೇಲೆ ಮರವನ್ನು ನೇರವಾಗಿ ಇಡಕೂಡದು. ಗೆದ್ದಲು ಕಲ್ಲನ್ನು ತಿನ್ನದು ನಿಜ. ಆದರೆ ಅದರ ಮೈಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಮರಕ್ಕೆ ಏರಿಬಿಡುತ್ತದೆ. ಆದಕಾರಣ ಪ್ರತಿ ಕಲ್ಲಿನ ತಲೆಗೂ ಎರಡಂಗುಲ ಹೊರಚಾಚಿ ಕೆಳಕ್ಕೆ ಬಾಗಿದ ತಗಡಿನ ಟೊಪ್ಪಿಯನ್ನು ಹಾಕಿಸಿದೆವು. ಇದು ಗೆದ್ದಲನ್ನು ಕೊಲ್ಲುವುದಿಲ್ಲ, ಬಯಲಿಗೆ ಬರಿಸುತ್ತದೆ. ಸುರಂಗ ಕಂಡೊಡನೆ ಪೊರಕೆಯಿಂದ ಕೆಡವಿದರಾಯಿತು.

ಮರಕ್ಕೆ ಹೊನ್ನೆಯಾಗಲಿ ತೇಗವಾಗಲಿ ಉತ್ತಮ. ಹೊಸದನ್ನು ಕೊಳ್ಳಲು ಎಲ್ಲರಿಗೂ ಶಕ್ತಿ ಸಾಲದು. ನಾವು ರಾಗಿ ತುಂಬುತ್ತಿದ್ದ ಹಳೆಯ ಅಟ್ಟವನ್ನು ಬಿಚ್ಚಿದೆವು. ಅದರಿಂದ 5 ಅಂಗುಲ ದಪ್ಪದ ತೊಲೆಗಳು ದೊರೆತವು. ಅವುಗಳ ಮೇಲೆ ಒಂದೂವರೆ ಅಡಿಗೊಂದರಂತೆ 4 ಅಂಗುಲದ ಅಡ್ಡಪಟ್ಟಿಗಳು ಒಂಬತ್ತು. ಅದರ ಮೇಲೆ ಒಂದೂಕಾಲಂಗುಲ ದಪ್ಪದ ಹಲಗೆಗಳು ಹತ್ತೊಂಬತ್ತು. ಹಲಗೆಗಳ ನಡುವೆ ಕಾಲಂಗುಲ ಸಂದು, ಗೋಡೆಗೂ ಜಗಲಿಗೂ ನಡುವೆ ಒಂದಂಗುಲ. ಈ ಒಂದಂಗುಲವನ್ನು ಯಾವ ಬಡಗಿ ಎಷ್ಟು ಹೇಳಿದರೂ ಮುಚ್ಚಗೊಡಬಾರದು. ಹೊನ್ನೆಗೆ ಮೊಳೆ ಬಡಿದರೆ ಸೀಳುವುದುಂಟು. ಮೊದಲು ಬೈರಿಗೆಯಿಂದ ತೂತು ಕೊರೆದು ತುಕ್ಕು ಹಿಡಿಯದ ಬೋಲ್ಟು ಹಾಕಿಸುವುದು ಮೇಲು. ಹಲಗೆಯ ಮೈಗೆ ವರ್ಷಕ್ಕೆರಡು ಬಾರಿ ಅಗಸೆಯೆಣ್ಣೆ. ಕೆಳಗಿನ ನೆಲವನ್ನು ಹೊರಕ್ಕೆ ಇಳಿಜಾರು ಮಾಡಿ ಜಲ್ಲಿ ಹರಡಿದೆವು. ಅಲ್ಲಿ ಸೌದೆ ಒಟ್ಟುವ ಆಶೆ ಎಲ್ಲರಿಗೂ ಹುಟ್ಟುತ್ತದೆ. ಒಟ್ಟಿದರೆ ಹಾವಿಗೂ ಚೇಳಿಗೂ ಮನೆ ಕಟ್ಟಿಕೊಟ್ಟಂತೆ.

ಸುತ್ತಲಿನ ಕೈಪಿಡಿಯ ಗೂಟಗಳು ಮರದವೇ. ಅವುಗಳ ನಡುವಣ ಹೆಣಿಗೆಗೆ ಲಾಂಟಾನಾ ಕಡ್ಡಿ. ಬ್ರಿಟಿಷರ ಕಾಲದಲ್ಲಿ ಅಂದದ ಗಿಡವಾಗಿ ಈ ದೇಶಕ್ಕೆ ಬಂದು ಈಗ ಕಾಡನ್ನೇ ನುಂಗುತ್ತಿರುವ ಈ ಕಳೆಯನ್ನು ಕುದಿಸಿ, ತೊಗಟೆ ಸುಲಿದು, ಕುರ್ಚಿ ಬುಟ್ಟಿಗಳನ್ನು ಮಾಡುವ ವಿದ್ಯೆಯನ್ನು ಹನೂರಿನ ಆಚೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಎಂಬ ಸಂಶೋಧನಾ ಸಂಸ್ಥೆಯ ನೆರವಿನಿಂದ ಬೆಳೆಸಿದ್ದಾರೆ. ಭಾರ ಹೊರಲು ಅದನ್ನು ನಂಬಬಾರದು; ಹೆಣಿಗೆಗೆ ಅದಕ್ಕಿಂತ ಹದವಾದುದು ನನಗೆ ಕಾಣಲಿಲ್ಲ.

ಜಗಲಿಯ ಮಟ್ಟ ಹೊಸ್ತಿಲಿಗಿಂತ ಅರ್ಧ ಅಂಗುಲ ಮಾತ್ರ ತಗ್ಗು. ಕೆಲಸ ಮುಗಿದ ಮರುದಿನ ತಾಯಿಯವರು ಒಬ್ಬರೇ ಹೊರಗೆ ಬಂದು, ಕೈಪಿಡಿಯನ್ನು ಹಿಡಿದು ಒಮ್ಮೆ ಅಲುಗಿಸಿ ನೋಡಿ, ಎಲೆಯಡಿಕೆಯ ಸಂಚಿಯೊಂದಿಗೆ ಕುಳಿತರು. ಚಿಕ್ಕದೇವರಾಜರ ಅರಮನೆಯಲ್ಲಿ ಅಂಥದೇ ಸಂಚಿಯನ್ನು ಹಿಡಿದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮನು ನಮ್ಮ ಯಳಂದೂರಿನವಳೆಂಬುದು ಆಗ ನೆನಪಾಯಿತು.

ಕಳೆದ ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ದಿತು. ಐದನೆಯ ದಿನ ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿದೆನು. ತಣ್ಣಗಿತ್ತು, ಆದರೆ ಒದ್ದೆಯಿರಲಿಲ್ಲ. ಒಂದೇ ದೂರು ಉಳಿದಿದೆ: ಹೂ ಕಟ್ಟುವ ಸೂಜಿ ಸಂದಿನಲ್ಲಿ ಬೀಳುತ್ತದೆ. ಅದಕ್ಕಾಗಿ ಹೊರಗಣ ಕೊನೆಯ ಹಲಗೆಯ ಬೋಲ್ಟುಗಳನ್ನು ಬಿಚ್ಚಿ ಅದನ್ನು ಎತ್ತಿಡುವಂತೆ ಮಾಡಿದ್ದೇವೆ. ಸೂಜಿ ಹುಡುಕಲು ಇಳಿಯುವ ಮೊಮ್ಮಗನೇ ಗೆದ್ದಲಿನ ಸುರಂಗಗಳನ್ನೂ ಎಣಿಸಿಕೊಂಡು ಬರುತ್ತಾನೆ.