ಆಯಿಲ್ ಮುಚ್ಚಳದಲ್ಲಿ ಬಿಳಿ ನೊರೆ: ಇಂಜಿನ್ ಬಿಚ್ಚಿಸುವ ಮುಂಚೆ ಇಷ್ಟು ನೋಡಿರಿ



ಸಂಘದ ಸಾಲ ಅಂದರೆ ಮೊದಲು ಎಮ್ಮೆ, ಕುರಿ, ಹೊಲಿಗೆ ಮಿಷನ್ ಅಷ್ಟೇ ಇತ್ತು. ಈಗ ಬಾಡಿಗೆಗೆ ಓಡಿಸಲು ಹಳೇ ಕಾರು ಕೊಳ್ಳುವ ಮನೆಗಳೂ ಇವೆ. ಓಡಿಸುವವರು ಗಂಡನೋ ಮಗನೋ ಇರಬಹುದು, ಕಂತು ಕಟ್ಟುವ ಪಾಸ್‌ಬುಕ್ ಮಾತ್ರ ನಿಮ್ಮ ಹೆಸರಲ್ಲಿ. ಒಂದು ದಿನ ಮೆಕ್ಯಾನಿಕ್ ಇಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುವಿ, ಒಳಗೆ ಬೆಣ್ಣೆಯಂತೆ ಮೆತ್ತಿದ ನೊರೆ ತೋರಿಸಿ, “ಅಕ್ಕಾ, ಆಯಿಲಿಗೆ ನೀರು ಸೇರೈತಿ, ಇಂಜಿನ್ ಬಿಚ್ಚಬೇಕು” ಅಂದರೆ ಎದೆ ಝಲ್ಲೆನ್ನುತ್ತದೆ. ಆತ ಹೇಳಿದ್ದು ನಿಜವೂ ಇರಬಹುದು, ಅವಸರದ ಮಾತೂ ಇರಬಹುದು. ಯಾವುದು ಎಂದು ತಿಳಿಯಲು ನಾವೇ ಮಾಡಬಹುದಾದ ಪರೀಕ್ಷೆಗಳಿವೆ.

ಈ ನೀರು ಬಂದದ್ದು ಎಲ್ಲಿಂದ?

ನಮ್ಮದು ಬಿಸಿಲ ನಾಡು, ಇಂಜಿನ್ ಒಳಗೆ ನೀರು ಹೇಗೆ ಅಂತ ಕೇಳುತ್ತೀರಿ. ಅನ್ನದ ಪಾತ್ರೆಯ ಮುಚ್ಚಳ ನೆನಪು ಮಾಡಿಕೊಳ್ಳಿರಿ. ಆವಿ ಮೇಲೆ ಹೋಗಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಪೆಟ್ರೋಲ್ ಉರಿದಾಗಲೂ ನೀರಿನ ಆವಿ ಹುಟ್ಟುತ್ತದೆ. 1 ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 1 ಲೀಟರ್ ನೀರು! ಬಹುಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ಪಕ್ಕದಿಂದ ಜಾರಿ ಆಯಿಲ್ ಇರುವ ಕಡೆಗೆ ಇಳಿಯುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದು ಮತ್ತೆ ಆವಿಯಾಗಿ ಹೋಗುತ್ತದೆ. ಕಾಯದಿದ್ದರೆ ಅಲ್ಲೇ ಉಳಿದು, ಆಯಿಲ್ ಜೊತೆ ಕಡೆದು ನೊರೆಯಾಗುತ್ತದೆ.

ಬೆಳಗಿನ ಜಾವ ಹೊಲದಿಂದ ಮಲ್ಲಿಗೆ ಹೂವು ತಂದು ಹಡಗಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು, ಕಾರು ನಿಲ್ಲಿಸಿಬಿಟ್ಟರೆ ಇದೇ ಆಗುತ್ತದೆ. ನಾಲ್ಕೈದು ಕಿಲೋಮೀಟರಿಗೆ ಆಯಿಲ್ ಪೂರ್ತಿ ಕಾಯುವುದಿಲ್ಲ. ಮಳೆಗಾಲದಲ್ಲಿ, ಡಿಸೆಂಬರ್-ಜನವರಿಯ ಚಳಿಯಲ್ಲಿ ಇದು ಹೆಚ್ಚು. ಏಪ್ರಿಲ್-ಮೇ ಬಿಸಿಲಲ್ಲಿ, ದಿನವೂ ದೂರ ಓಡುವ ಕಾರಿನಲ್ಲಿ ನೊರೆ ಕಂಡರೆ ಮಾತ್ರ ಅನುಮಾನ ಪಡಬೇಕು.

ಇನ್ನೊಂದು ದಾರಿ ಕೆಟ್ಟದ್ದು. ಇಂಜಿನ್ ತಣ್ಣಗಿಡುವ ಕೂಲೆಂಟ್ ನೀರು, ಹೆಡ್ ಗ್ಯಾಸ್ಕೆಟ್ ಸುಟ್ಟು ಅಥವಾ ಹೆಡ್ ಬಿರುಕು ಬಿಟ್ಟು ಆಯಿಲಿಗೆ ಸೋರುವುದು. ಇದಕ್ಕೆ ಇಂಜಿನ್ ಬಿಚ್ಚಲೇಬೇಕು.

ಮನೆಯಲ್ಲೇ ಮಾಡುವ ಪರೀಕ್ಷೆ

ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಸಮ ನೆಲದಲ್ಲಿ ನಿಲ್ಲಿಸಿ ನೋಡಿರಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಎಂದೂ ತೆಗೆಯಬೇಡಿರಿ, ಕುದಿನೀರು ಮುಖಕ್ಕೆ ಹಾರುತ್ತದೆ.

1. ಕಡ್ಡಿ ನೋಡಿರಿ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆಯಿರಿ. ಮುಚ್ಚಳದಲ್ಲಿ ಮಾತ್ರ ನೊರೆ ಇದ್ದು, ಕಡ್ಡಿಯ ಆಯಿಲ್ ಕಂದು ಅಥವಾ ಕಪ್ಪಾಗಿ ಶುದ್ಧ ಇದ್ದರೆ ಅರ್ಧ ಭಯ ಬಿಡಿರಿ. ಕಡ್ಡಿಯ ಆಯಿಲೇ ಹಾಲು ಹಾಕಿದ ಕಾಫಿಯಂತೆ ಇದ್ದರೆ ನೀರು ಬಹಳ ಸೇರಿದೆ.

2. ಮಟ್ಟ ನೋಡಿರಿ. ಆಯಿಲ್ ಹಾಕದೆಯೇ ಕಡ್ಡಿಯಲ್ಲಿ ಮಟ್ಟ ಏರಿದರೆ ಏನೋ ಬೆರೆಯುತ್ತಿದೆ ಎಂದರ್ಥ. ನೀರಿರಬಹುದು, ಕೆಲವೊಮ್ಮೆ ಪೆಟ್ರೋಲ್ ಅಥವಾ ಡೀಸೆಲ್ ಇರಬಹುದು.

3. ಕೂಲೆಂಟ್ ಡಬ್ಬಿಗೆ ಗುರುತು ಹಾಕಿರಿ. ಒಂದು ವಾರ ದಿನವೂ ಬೆಳಿಗ್ಗೆ ನೋಡಿರಿ. ನೆಲಕ್ಕೆ ಸೋರದೆಯೂ ಇಳಿಯುತ್ತಾ ಹೋದರೆ ಅದು ಇಂಜಿನ್ ಒಳಗೇ ಹೋಗುತ್ತಿರಬಹುದು. ಜೊತೆಗೆ ಇಂಜಿನ್ ಬಹಳ ಕಾಯುವುದು, ಕಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುವುದು ಗ್ಯಾಸ್ಕೆಟ್ ಲಕ್ಷಣ. ಚಳಿಗೆ ಬೆಳಿಗ್ಗೆ ಎರಡು ನಿಮಿಷ ಬರುವ ತೆಳು ಹೊಗೆಗೆ ಹೆದರಬೇಕಿಲ್ಲ.

4. ತಗಡಿನ ಪರೀಕ್ಷೆ. ಒಗ್ಗರಣೆಗೆ ಒದ್ದೆ ಸೌಟು ಇಟ್ಟರೆ ಎಣ್ಣೆ ಚಟಪಟ ಸಿಡಿಯುತ್ತದಲ್ಲ, ಇಲ್ಲೂ ಅದೇ. ಅಡಿಗೆಯ ಹಂಚು ಬೇಡ, ಹಳೇ ತಗಡು ಸಾಕು. ಅಂಗಳದಲ್ಲಿ ಕಾಯಿಸಿ, ಒಲೆಯಿಂದ ಕೆಳಗಿಳಿಸಿ, ಕಡ್ಡಿಯಿಂದ ಒಂದೇ ಒಂದು ಹನಿ ಆಯಿಲ್ ಬಿಡಿರಿ. ಚಟಪಟ ಎಂದು ಗುಳ್ಳೆ ಎದ್ದರೆ ನೀರಿದೆ. ಸದ್ದಿಲ್ಲದಿದ್ದರೆ ಹೆಚ್ಚು ನೀರಿಲ್ಲ, ತೀರ ಸ್ವಲ್ಪ ಇದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ. ಮುಖ ದೂರ ಇರಲಿ, ಮಕ್ಕಳು ಹತ್ತಿರ ಬಾರದಿರಲಿ.

5. ದೂರ ಓಡಿಸಿ ನೋಡಿರಿ. ಮೇಲಿನ ಪರೀಕ್ಷೆಗಳಲ್ಲಿ ಕೆಟ್ಟ ಲಕ್ಷಣ ಇಲ್ಲದಿದ್ದರೆ ಮಾತ್ರ ಇದನ್ನು ಮಾಡಿರಿ. ಮುಚ್ಚಳದ ನೊರೆ ಒರೆಸಿ, ಹರಪನಹಳ್ಳಿ ಕಡೆಗೋ ಹಗರಿಬೊಮ್ಮನಹಳ್ಳಿ ಕಡೆಗೋ ನಿಲ್ಲಿಸದೆ ಅರ್ಧ-ಮುಕ್ಕಾಲು ಗಂಟೆ ಓಡಿಸಲಿ. ನಾಲ್ಕು ದಿನ ಹೀಗೆ ಓಡಿದ ಮೇಲೆ ನೊರೆ ಬರದಿದ್ದರೆ ಅದು ಬರೀ ಆವಿಯ ನೀರು. ಇಂಜಿನ್ ಬಿಚ್ಚುವ ಮಾತೇ ಇಲ್ಲ.

ಆಮೇಲೆ ಏನು ಮಾಡಬೇಕು?

ಆವಿಯ ನೀರಾದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ವಾರಕ್ಕೊಮ್ಮೆಯಾದರೂ ದೂರ ಓಡಿಸಿರಿ. ಸಣ್ಣ ಓಡಾಟದ ಕಾರಿಗೆ ಆಯಿಲ್ ಬೇಗ ಬದಲಿಸಬೇಕು, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಆ ಲೆಕ್ಕ ಇರುತ್ತದೆ. ನೊರೆ ಮತ್ತೆ ಮತ್ತೆ ಬಂದರೆ ಥರ್ಮೋಸ್ಟಾಟ್ ಮತ್ತು ಇಂಜಿನ್ ಉಸಿರಾಡುವ ಪೈಪು ನೋಡಿಸಿರಿ. ಥರ್ಮೋಸ್ಟಾಟ್ ತೆರೆದೇ ನಿಂತರೆ ಇಂಜಿನ್ ಕಾಯುವುದಿಲ್ಲ. ಪೈಪು ಕಟ್ಟಿದರೆ ಆವಿ ಹೊರಗೆ ಹೋಗುವುದಿಲ್ಲ. ಎರಡೂ ಹೆಡ್ ಬಿಚ್ಚದೆ ಆಗುವ ಕೆಲಸ.

ಕಡ್ಡಿಯಲ್ಲಿ ಹಾಲಿನಂಥ ಆಯಿಲ್, ಜೊತೆಗೆ ಕೂಲೆಂಟ್ ಕಡಿಮೆ, ಎರಡೂ ಕಂಡರೆ ಕಾರನ್ನು ಸ್ಟಾರ್ಟ್ ಮಾಡಬೇಡಿರಿ, ಎಳೆಸಿಕೊಂಡು ಹೋಗಿರಿ. ನೀರು ಬೆರೆತ ಆಯಿಲಿಗೆ ಜಿಡ್ಡಿನ ಬಲ ಇರುವುದಿಲ್ಲ. ಬೇರಿಂಗ್ ಸವೆದು, ಗ್ಯಾಸ್ಕೆಟ್ಟಿನಲ್ಲಿ ಮುಗಿಯುವ ಖರ್ಚು ಇಡೀ ಇಂಜಿನ್ನಿಗೆ ಬರುತ್ತದೆ. “ಒಂದು ಬಾಡಿಗೆ ಮುಗಿಸಿ ಬರ್ತೀನಿ” ಅನ್ನುವ ಮಾತಿಗೆ ಒಪ್ಪಬೇಡಿರಿ. ಹಳ್ಳದ ನೀರಲ್ಲಿ ಮುಳುಗಿ ನಿಂತ ಕಾರಿಗೂ ಇದೇ ನಿಯಮ.

ಮೆಕ್ಯಾನಿಕ್ ಹತ್ತಿರ ಹೋದಾಗ ಕೇಳಿರಿ: “ಅಣ್ಣಾ, ಹೆಡ್ ಬಿಚ್ಚುವ ಮುಂಚೆ ರೇಡಿಯೇಟರಿಗೆ ಪ್ರೆಶರ್ ಹಾಕಿ ಸೋರಿಕೆ ತೋರಿಸ್ರಿ.” ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ತೆಗೆದ ಹಳೇ ಆಯಿಲನ್ನು ಚರಂಡಿಗೆ, ಹೊಲಕ್ಕೆ ಸುರಿಯದೆ ಡಬ್ಬಿಯಲ್ಲಿ ಗ್ಯಾರೇಜಿಗೆ ಕೊಡಿರಿ.

ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆ ಬಂದರೆ ಕಾರಿಗೆ ಬಿಡುವಿಲ್ಲದ ಬಾಡಿಗೆ. ಅದಕ್ಕೆ ಒಂದು ವಾರ ಮುಂಚೆಯೇ ಮುಚ್ಚಳ, ಕಡ್ಡಿ, ಕೂಲೆಂಟ್ ಮೂರನ್ನೂ ನೋಡಿಕೊಳ್ಳಿರಿ. ಇದು ಗಂಡಸರ ಕೆಲಸ ಅಂತ ಬಿಡಬೇಡಿರಿ. ಹಾಲಿಗೆ ನೀರು ಬೆರೆತರೆ ಕಣ್ಣಲ್ಲೇ ಹೇಳುವವರು ನೀವು, ಆಯಿಲಿಗೆ ಬೆರೆತದ್ದು ನಿಮಗೆ ತಿಳಿಯದೇ?

ಸಭೆಯಲ್ಲಿ ಚರ್ಚಿಸಿರಿ

• ನಮ್ಮ ಸಂಘದಲ್ಲಿ ಯಾರ ಮನೆಯ ವಾಹನ ಸಣ್ಣ ಓಡಾಟಕ್ಕೆ ಮಾತ್ರ ಬಳಕೆಯಾಗುತ್ತಿದೆ?
• ಆಯಿಲ್ ಬದಲಿಸಿದ ದಿನಾಂಕ, ಕಿಲೋಮೀಟರ್ ಬರೆದಿಟ್ಟಿದ್ದೇವೆಯೇ?
• ರಿಪೇರಿಗೆಂದು ಸಾಲ ಕೇಳಿದಾಗ, ಕೊಡುವ ಮುಂಚೆ ಏನೇನು ಕೇಳಬೇಕು?