ಪ್ರೋಟೀನುಪುಡಿಯೂ ಹಾಲುಸಕ್ಕರೆಯೂ: ಹೊಟ್ಟೆಯ ತೊಂದರೆಯ ಕಾರಣವಿಚಾರ

ವ್ಯಾಯಾಮಶಾಲೆಗೆ ಹೋಗುವ ತರುಣರಲ್ಲಿ ಪ್ರೋಟೀನುಪುಡಿಯನ್ನು ಕಲಸಿ ಕುಡಿಯುವ ರೂಢಿ ಇತ್ತೀಚಿನ ವರ್ಷಗಳಲ್ಲಿ ಬಹುವಾಗಿ ಹರಡಿದೆ. ಅದರೊಡನೆಯೇ ಒಂದು ದೂರೂ ಕೇಳಿಬರುತ್ತಿದೆ. ಕುಡಿದ ಒಂದೆರಡು ಗಂಟೆಗಳಲ್ಲಿ ಹೊಟ್ಟೆ ಉಬ್ಬರಿಸುತ್ತದೆ, ಗುಡುಗುಡಿಸುತ್ತದೆ. ಕೆಲವರಿಗೆ ಭೇದಿಯೂ ಆಗುತ್ತದೆ. ಇಂಥವರು ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ. ಪ್ರೋಟೀನೇ ತಮ್ಮ ದೇಹಕ್ಕೆ ಒಗ್ಗದೆಂಬುದು ಒಂದು. ತಮಗೆ ಹಾಲು ಆಗದು, ಆದುದರಿಂದ ಹಾಲು ಮೊಸರು ಮಜ್ಜಿಗೆಗಳನ್ನೆಲ್ಲ ಬಿಡತಕ್ಕದ್ದೆಂಬುದು ಇನ್ನೊಂದು. ಎರಡೂ ಬಹುಮಟ್ಟಿಗೆ ಅವಸರದ ತೀರ್ಮಾನಗಳು. ತೊಂದರೆಯ ಮೂಲವನ್ನು ಪುಡಿಯ ಹೆಸರಿನಲ್ಲಿ ಅರಸದೆ, ಲೋಟಕ್ಕೆ ಬಿದ್ದ ಹಾಲುಸಕ್ಕರೆಯ ತೂಕದಲ್ಲಿ ಮೊದಲು ಅರಸಬೇಕೆಂಬುದು ನಮ್ಮ ಅಭಿಪ್ರಾಯ.

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 5 ಪಾಲು ಹಾಲುಸಕ್ಕರೆ, ಅಂದರೆ ಲ್ಯಾಕ್ಟೋಸು, ಇದೆ. ಗ್ಲೂಕೋಸು, ಗ್ಯಾಲಕ್ಟೋಸು ಎಂಬ ಎರಡು ಸರಳ ಸಕ್ಕರೆಗಳು ಕೂಡಿ ಆದ ಈ ಜೋಡಿ ಹಾಗೆಯೇ ರಕ್ತವನ್ನು ಸೇರಲಾರದು. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಮೊದಲು ಎರಡಾಗಿ ಸೀಳಬೇಕು. ಮೊಲೆಯುಣ್ಣುವ ಕೂಸಿನಲ್ಲಿ ಈ ಕಿಣ್ವ ಹೇರಳ. ಹಾಲು ಬಿಡಿಸಿದ ತರುವಾಯ ಅದು ಕ್ರಮೇಣ ಇಳಿಯುವುದು ಸಸ್ತನಿಗಳ ಸಹಜಧರ್ಮ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರನೆಯ ಎರಡು ಪಾಲು ಜನರ ಸ್ಥಿತಿ ಇದೇ. ಬೆಳೆದ ಮೇಲೂ ಕಿಣ್ವ ಉಳಿಯುವುದೇ ವಿಶೇಷ. ಯೂರೋಪಿಯನರಲ್ಲಿ ಈ ವಿಶೇಷಕ್ಕೆ ಕಾರಣ ಲ್ಯಾಕ್ಟೇಸ್ ಜೀನಿನ ಸಮೀಪದಲ್ಲಿ ಒಂದೇ ಅಕ್ಷರದ ಮಾರ್ಪಾಟೆಂದು 2002ರಲ್ಲಿ ಫಿನ್‌ಲೆಂಡಿನ ಸಂಶೋಧಕರು ತೋರಿಸಿದರು. ಅದೇ ಮಾರ್ಪಾಟು ಭಾರತೀಯರಲ್ಲಿಯೂ ಇದ್ದು, ವಾಯವ್ಯದಲ್ಲಿ ಹೆಚ್ಚಾಗಿಯೂ ದಕ್ಷಿಣ ಮತ್ತು ಪೂರ್ವಗಳಲ್ಲಿ ವಿರಳವಾಗಿಯೂ ಕಾಣುತ್ತದೆಂದು 2012ರ ಸುಮಾರಿಗೆ ತಿಳಿದುಬಂತು. ಅದಕ್ಕೆ ಎಷ್ಟೋ ಮೊದಲೇ, 1981ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಹಾಲುಸಕ್ಕರೆ ಒಗ್ಗದವರು ಉತ್ತರ ಭಾರತದವರಲ್ಲಿ ಶೇಕಡ 27ರಷ್ಟಿದ್ದರೆ ದಕ್ಷಿಣದವರಲ್ಲಿ ಶೇಕಡ 67ರಷ್ಟಿದ್ದರು. ಹೀಗಿರುವಾಗ ಇದನ್ನು ರೋಗವೆಂದು ಕರೆಯುವುದು ನಮಗೆ ಸಮ್ಮತವಲ್ಲ.

ಸೀಳದೆ ಉಳಿದ ಹಾಲುಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ. ಮುಂದೆ ಅದು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಜಲಜನಕವನ್ನೂ ಅಂಗಾರಾಮ್ಲವಾಯುವನ್ನೂ, ಕೆಲವರಲ್ಲಿ ಮೀಥೇನನ್ನೂ ಉತ್ಪತ್ತಿ ಮಾಡುತ್ತವೆ. ಉಬ್ಬರ, ನುಲಿತ, ಭೇದಿಗಳ ಹುಟ್ಟು ಇದೇ. ಈ ಜಲಜನಕದ ಒಂದಂಶ ರಕ್ತದ ಮೂಲಕ ಉಸಿರಿಗೆ ಬರುವುದರಿಂದ, ಉಸಿರನ್ನು ಅಳೆದು ದೋಷವನ್ನು ಗುರುತಿಸುವ ಪರೀಕ್ಷೆಯೂ ಬಳಕೆಯಲ್ಲಿದೆ. ಆದರೆ ಆ ಪರೀಕ್ಷೆಯಲ್ಲಿ 25 ಗ್ರಾಮು, ಕೆಲವೆಡೆ 50 ಗ್ರಾಮು ಹಾಲುಸಕ್ಕರೆಯನ್ನು ಒಮ್ಮೆಗೇ ಕುಡಿಸುತ್ತಾರೆಂಬುದನ್ನು ಮರೆಯಬಾರದು. 50 ಗ್ರಾಮೆಂದರೆ ಒಂದು ಲೀಟರು ಹಾಲು. ಅದನ್ನು ಜೀರ್ಣಿಸಿಕೊಳ್ಳಲಾರದವನು ಒಂದು ಲೋಟ ಹಾಲನ್ನೂ ಕುಡಿಯಲಾರನೆಂದು ಹೇಳಲು ಆಧಾರವಿಲ್ಲ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಮ್ಮೇಳನದ ನಿರ್ಣಯವೂ ಹೀಗೆಯೇ ಇದೆ: ಕಿಣ್ವ ಕಡಿಮೆಯಾದವರಲ್ಲಿಯೂ ಹೆಚ್ಚಿನವರು ಒಂದು ಸಲಕ್ಕೆ ಸುಮಾರು 12 ಗ್ರಾಮನ್ನು ತೊಂದರೆಯಿಲ್ಲದೆಯೋ ಅಲ್ಪ ತೊಂದರೆಯಿಂದಲೋ ಸಹಿಸಬಲ್ಲರು. ಊಟದೊಡನೆ ತೆಗೆದುಕೊಂಡರೆ ಸಹನೆ ಇನ್ನೂ ಹೆಚ್ಚುತ್ತದೆ. ಮೊಸರಿನ ವಿಷಯವಂತೂ ಬೇರೆಯೇ. ಅದರ ಬ್ಯಾಕ್ಟೀರಿಯಗಳು ತಮ್ಮದೇ ಕಿಣ್ವವನ್ನು ಕರುಳಿಗೆ ಹೊತ್ತೊಯ್ದು ಅಲ್ಲಿ ಹಾಲುಸಕ್ಕರೆಯನ್ನು ಸೀಳುವುದು 1984ರಲ್ಲಿಯೇ ಸಿದ್ಧಪಟ್ಟಿದೆ. ಹಾಲು ಒಗ್ಗದೆಂದು ಮೊಸರನ್ನೂ ತೊರೆದವರು ನಿಷ್ಕಾರಣವಾಗಿ ಒಂದು ಒಳ್ಳೆಯ ಆಹಾರವನ್ನು ಕಳೆದುಕೊಂಡಿದ್ದಾರೆ.

ಇನ್ನು ಪುಡಿಯ ಹುಟ್ಟನ್ನು ನೋಡೋಣ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಐದನೆಯ ನಾಲ್ಕು ಪಾಲು ಕೇಸೀನು. ಗಿಣ್ಣಾಗಿ ಗಟ್ಟಿಗೊಳ್ಳುವುದು ಅದು. ಉಳಿದ ಐದನೆಯ ಒಂದು ಪಾಲು ಚೀಸಿನ ಕಾರ್ಖಾನೆಯಲ್ಲಿ ಹಸಿರು ಛಾಯೆಯ ತಿಳಿನೀರಿನಲ್ಲಿ, ಅಂದರೆ ಹಾಲೊಡಕಿನಲ್ಲಿ, ಉಳಿಯುತ್ತದೆ. ಅಂಗಡಿಯಲ್ಲಿ 'ವೇ' ಎಂಬ ಹೆಸರಿನಿಂದ ಮಾರುವುದು ಈ ಭಾಗವನ್ನು. ಆದರೆ ಹಾಲಿನ ಸಕ್ಕರೆಯೆಲ್ಲ ಹೆಚ್ಚುಕಡಿಮೆ ಇದೇ ನೀರಿಗೆ ಇಳಿದಿರುತ್ತದೆ. ಅದನ್ನು ಹಾಗೆಯೇ ಒಣಗಿಸಿದರೆ ದೊರೆಯುವ ಪುಡಿಯಲ್ಲಿ ಶೇಕಡ 70ಕ್ಕೂ ಮಿಕ್ಕಿ ಸಕ್ಕರೆಯೇ. ಒಂದು ಕಾಲಕ್ಕೆ ಹೊಳೆಗೆ ಬಿಡುತ್ತಿದ್ದ ಈ ನೀರು ಬೆಲೆಯುಳ್ಳ ಸರಕಾದುದು 1970ರ ದಶಕದಲ್ಲಿ ಸೂಕ್ಷ್ಮ ಸೋಸುಪೊರೆಗಳು ಬಳಕೆಗೆ ಬಂದ ಮೇಲೆ. ಹಾಲುಸಕ್ಕರೆಯ ಅಣುತೂಕ 342. ಹಾಲೊಡಕಿನ ಮುಖ್ಯ ಪ್ರೋಟೀನಿನದು 18,000ಕ್ಕೆ ಮೇಲೆ. ನಡುವಿನ ಗಾತ್ರದ ರಂಧ್ರವುಳ್ಳ ಪೊರೆ ಸಕ್ಕರೆಯನ್ನು ಕೆಳಕ್ಕೆ ಬಿಟ್ಟು ಪ್ರೋಟೀನನ್ನು ತಡೆಹಿಡಿಯುತ್ತದೆ. ಎಷ್ಟು ಸಲ ನೀರೆರೆದು ಸೋಸಿದರೆಂಬುದರ ಮೇಲೆ ಪುಡಿಯ ಗುಣ ನಿಂತಿದೆ. ಸ್ವಲ್ಪವೇ ಸೋಸಿ ಪ್ರೋಟೀನು ಶೇಕಡ 35ಕ್ಕೆ ನಿಂತರೆ ಸಕ್ಕರೆ ಸುಮಾರು ಅರ್ಧದಷ್ಟು ಉಳಿದಿರುತ್ತದೆ. ಶೇಕಡ 80ಕ್ಕೆ ಏರಿಸಿದ 'ಕಾನ್ಸಂಟ್ರೇಟ್' ಬಗೆಯಲ್ಲಿ ಶೇಕಡ 4ರಿಂದ 8. ಶೇಕಡ 90ನ್ನು ಮುಟ್ಟಿದ 'ಐಸೊಲೇಟ್' ಬಗೆಯಲ್ಲಿ ಹೆಚ್ಚೆಂದರೆ 1.

ಈಗ ಲೆಕ್ಕ ಹಾಕೋಣ. ಒಂದು ಸಲದ ಅಳತೆ 30 ಗ್ರಾಮೆಂದು ಇಟ್ಟುಕೊಂಡರೆ ಶೇಕಡ 80ರ ಪುಡಿಯಿಂದ ಬರುವ ಹಾಲುಸಕ್ಕರೆ 1.2ರಿಂದ 2.4 ಗ್ರಾಮು, ಐಸೊಲೇಟಿನಿಂದ 0.3 ಗ್ರಾಮು. ಇದು ಬಹುಮಂದಿ ಸಹಿಸುವ 12 ಗ್ರಾಮಿನ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದೇ ಪುಡಿಯನ್ನು 250 ಮಿಲಿಲೀಟರು ಹಾಲಿನಲ್ಲಿ ಕಲಸಿದಾಗ ಹಾಲೊಂದರಿಂದಲೇ 12 ಗ್ರಾಮು ಬಂದು ಸೇರುತ್ತದೆ. ಪುಡಿಯಿಂದ ಬಂದುದರ ಐದರಿಂದ ಹತ್ತು ಪಟ್ಟು. ಪುಡಿ ಆಗಲಿಲ್ಲವೆಂದು ದೂರುವವರನ್ನು ಏತರಲ್ಲಿ ಕಲಸಿದಿರೆಂದು ಮೊದಲು ಕೇಳಬೇಕಾದುದು ಇದಕ್ಕಾಗಿ. ಮೈ ತುಂಬಿಸುವುದಕ್ಕೆಂದು ಮಾರುವ ಪುಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳ ಒಂದು ಸಲದ ಅಳತೆಯೇ 100 ಗ್ರಾಮಿನಷ್ಟಿರಬಹುದು. ಅದರಲ್ಲಿ ಐದನೆಯ ಒಂದು ಪಾಲು ಕೆನೆ ತೆಗೆದ ಹಾಲಿನ ಪುಡಿಯಾಗಿದ್ದರೂ 10 ಗ್ರಾಮು ಹಾಲುಸಕ್ಕರೆ ಸೇರಿತು. ಹಾಲುಸಕ್ಕರೆ ಎಷ್ಟೆಂದು ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ಅಚ್ಚಾಗಿರದಿದ್ದರೂ ಒಂದು ಉಪಾಯವುಂಟು. ಒಂದು ಅಳತೆಯಲ್ಲಿ ಕಾರ್ಬೋಹೈಡ್ರೇಟು ಇಷ್ಟು ಗ್ರಾಮೆಂದು ಬರೆದಿದೆಯಷ್ಟೆ. ಹಾಲುಸಕ್ಕರೆ ಅದಕ್ಕಿಂತ ಹೆಚ್ಚಿರಲಾರದು.

ಪ್ರಸಂಗವಶಾತ್ ಇನ್ನೊಂದು ಮಾತು. ಪನ್ನೀರು ಮಾಡಿದ ನೀರನ್ನು ಚೆಲ್ಲದೆ, ಖರ್ಚಿಲ್ಲದ ಪ್ರೋಟೀನೆಂದು ಕುಡಿಯುವ ವಿದ್ಯಾರ್ಥಿಗಳಿದ್ದಾರೆ. ಹಾಲನ್ನು ಕುದಿಸಿ ಹುಳಿ ಹಿಂಡಿದಾಗ ಹಾಲೊಡಕಿನ ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ಕಾವಿಗೆ ಕೆಟ್ಟು ಕೇಸೀನಿನೊಡನೆಯೇ ಗಟ್ಟಿಯಲ್ಲಿ ಸೇರಿಬಿಡುತ್ತದೆ. ಉಳಿದ ನೀರಿನ ಒಂದು ಲೋಟದಲ್ಲಿ ಪ್ರೋಟೀನು ಸುಮಾರು 1 ಗ್ರಾಮು, ಹಾಲುಸಕ್ಕರೆ ಹಾಲಿನಷ್ಟೇ. ಹೊಟ್ಟೆ ಸೂಕ್ಷ್ಮವಾದವರಿಗೆ ಇದಕ್ಕಿಂತ ನಷ್ಟದ ಪಾನೀಯ ದುರ್ಲಭ.

ಕಾರಣವನ್ನು ನಾವೇ ಊಹಿಸಿಕೊಳ್ಳುವುದು ಎಷ್ಟು ಅಪಾಯಕರವೆಂಬುದಕ್ಕೆ 1995ರ ಒಂದು ಪ್ರಯೋಗ ನಿದರ್ಶನ. ಅತ್ಯಲ್ಪ ಹಾಲನ್ನೂ ತಾಳೆವೆಂದು ಹೇಳಿಕೊಂಡ 30 ಮಂದಿಗೆ ದಿನಕ್ಕೊಂದು ಲೋಟದಂತೆ ಒಂದು ವಾರ ಸಾಧಾರಣ ಹಾಲನ್ನೂ, ಇನ್ನೊಂದು ವಾರ ಸಕ್ಕರೆಯನ್ನು ಮೊದಲೇ ಸೀಳಿದ ಹಾಲನ್ನೂ, ಯಾವುದು ಯಾವುದೆಂದು ತಿಳಿಸದೆ ಕೊಡಲಾಯಿತು. ಎರಡು ವಾರಗಳ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಅಷ್ಟೇ ಅಲ್ಲ, ಆ ಮೂವತ್ತರಲ್ಲಿ 9 ಮಂದಿ ಹಾಲುಸಕ್ಕರೆಯನ್ನು ಚೆನ್ನಾಗಿ ಜೀರ್ಣಿಸಿಕೊಳ್ಳುವವರೇ ಆಗಿದ್ದರು! ಅವರ ಹೊಟ್ಟೆನೋವು ಸುಳ್ಳೆಂದು ನಾವು ಹೇಳುತ್ತಿಲ್ಲ. ಹೊರಿಸಿದ ಅಪರಾಧಿ ತಪ್ಪಾಗಿತ್ತು, ಅಷ್ಟೆ.

ಪ್ರೋಟೀನುಪುಡಿಯಲ್ಲಿ ಬೇರೆ ಅಪರಾಧಿಗಳು ಇಲ್ಲದಿಲ್ಲ. ಸಕ್ಕರೆ ಹಾಕಿಲ್ಲವೆಂದು ಸಾರುವ ಪದಾರ್ಥಗಳಲ್ಲಿ ಸಿಹಿಗಾಗಿ ಸೇರಿಸುವ ಸಾರ್ಬಿಟಾಲ್, ಮಾಲ್ಟಿಟಾಲ್‌ಗಳು ಪೂರ್ತಿ ಹೀರಲ್ಪಡದೆ ಹಾಲುಸಕ್ಕರೆಯ ಹಾಗೆಯೇ ವರ್ತಿಸುತ್ತವೆ. ನಾರಿನ ಅಂಶಕ್ಕಾಗಿ ಬೆರೆಸುವ, ಚಿಕೋರಿ ಬೇರಿನ ಇನ್ಯುಲಿನ್ ದೊಡ್ಡ ಕರುಳಿನಲ್ಲಿ ಹುದುಗುತ್ತದೆ. ಮಂದಗೊಳಿಸಲು ಹಾಕುವ ಗೋರಿಕಾಯಿ ಬೀಜದ ಅಂಟಿಗೂ ಅದೇ ಸ್ವಭಾವ. ಹಾಲನ್ನೇ ಬಿಟ್ಟು ಸೋಯಾ ಹಿಟ್ಟಿಗೆ ಹೋದವರಿಗೆ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ಎದುರಾಗುತ್ತವೆ. ಅವರೆ, ಹುರುಳಿ, ಕಡಲೆಗಳನ್ನು ತಿಂದಾಗ ವಾಯು ತುಂಬುವುದಕ್ಕೆ ಕಾರಣವಾದವುಗಳು ಇವೇ. ಇವನ್ನು ಸೀಳುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಯಾವ ವಯಸ್ಸಿನಲ್ಲಿಯೂ ಇರುವುದಿಲ್ಲ. ಚೆನ್ನಾಗಿ ಶುದ್ಧಿಮಾಡಿದ ಸೋಯಾ ಪ್ರೋಟೀನಿನಲ್ಲಾದರೆ ಇವುಗಳ ಹೆಚ್ಚಿನ ಭಾಗ ಹೋಗಿರುತ್ತದೆ.

ಆದುದರಿಂದ ತನ್ನ ತೊಂದರೆಯ ಕಾರಣವನ್ನು ತಿಳಿಯಬಯಸುವವನು ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಮೂರು ನಾಲ್ಕು ದಿನ ಅದೇ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಲಿ. ಅನಂತರ ಅಷ್ಟೇ ದಿನ ಪುಡಿಯಿಲ್ಲದೆ ಒಂದು ಲೋಟ ಹಾಲನ್ನು ಕುಡಿಯಲಿ. ನೀರಿನಲ್ಲಿ ಸುಖವಾಗಿದ್ದು ಹಾಲಿನಲ್ಲಿ ಕೆಟ್ಟರೆ ಹಾಲುಸಕ್ಕರೆಯೇ ಕಾರಣವೆಂದು ಬಹುಮಟ್ಟಿಗೆ ನಂಬಬಹುದು. ಅಂಥವನು ಹಾಲನ್ನು ಕಡಿಮೆ ಮಾಡಿದರೆ ಅಥವಾ ಲ್ಯಾಕ್ಟೇಸ್ ಮಾತ್ರೆಯನ್ನು ಜೊತೆಗೆ ನುಂಗಿದರೆ ಸಾಕು. ಹಾಲಿನಲ್ಲಿ ಸುಖವಾಗಿದ್ದು ನೀರಿನಲ್ಲಿ ಕಲಸಿದ ಪುಡಿಯಿಂದ ಕೆಟ್ಟರೆ ಪೊಟ್ಟಣದ ಮೇಲಿನ ಇತರ ಪದಾರ್ಥಗಳ ಹೆಸರುಗಳನ್ನು ಓದತಕ್ಕದ್ದು. ಎರಡರಲ್ಲಿಯೂ ಕೆಟ್ಟರೆ, ಅಥವಾ ತೂಕ ಇಳಿಯುವುದು, ಮಲದಲ್ಲಿ ರಕ್ತ ಕಾಣುವುದು ಮೊದಲಾದ ಲಕ್ಷಣಗಳಿದ್ದರೆ, ಈ ಮನೆಯ ಪ್ರಯೋಗವನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು.

ಮೈಮೇಲೆ ದದ್ದು, ತುಟಿಯ ಬಾವು, ಉಸಿರಿನ ಕಷ್ಟ ಕಾಣಿಸಿಕೊಳ್ಳುವವರಿಗೆ ಮೇಲಿನ ಯಾವ ಲೆಕ್ಕವೂ ಸಲ್ಲದು. ಅದು ಹಾಲಿನ ಪ್ರೋಟೀನಿಗೇ ದೇಹ ತೋರುವ ಅಲರ್ಜಿ. ಸಕ್ಕರೆಯನ್ನು ಎಷ್ಟು ಸೋಸಿ ತೆಗೆದರೂ ಪ್ರಯೋಜನವಿಲ್ಲ. ಐಸೊಲೇಟಿನಲ್ಲಿ ಆ ಪ್ರೋಟೀನು ಇನ್ನಷ್ಟು ಸಾಂದ್ರವಾಗಿರುತ್ತದೆ. ಇಂಥವರು ಹಾಲಿನಿಂದಾದ ಪುಡಿಯನ್ನು ಪರೀಕ್ಷೆಗೆಂದು ಕೂಡ ನಾಲಗೆಗೆ ತಾಗಿಸಕೂಡದು.