‘ಆತ್ರಿ’ ಎಂದರೆ ಮುಗಿಯಿತೇ? ಬಳಕೆಯೋಗ್ಯತೆಯ ಪರೀಕ್ಷೆ ಮತ್ತು ಧಾರವಾಡ ಕನ್ನಡ

ಮೊಬೈಲ್ ಆ್ಯಪ್, ಟಿಕೆಟ್ ಯಂತ್ರ ಮುಂತಾದ ಸಂವಾದಾತ್ಮಕ ಸಾಧನಗಳ ಬಳಕೆಯೋಗ್ಯತೆಯನ್ನು ಐಎಸ್‌ಒ 9241-11 ಮಾನದಂಡವು (1998, ಪರಿಷ್ಕರಣೆ 2018) ಪರಿಣಾಮಕಾರಿತ್ವ, ದಕ್ಷತೆ, ತೃಪ್ತಿ ಎಂಬ ಮೂರು ನೆಲೆಗಳಲ್ಲಿ ನಿರೂಪಿಸುತ್ತದೆ. ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸಂದರ್ಭದಲ್ಲಿ ತಮ್ಮ ಗುರಿಯನ್ನು ಸಾಧಿಸಿದರೇ, ಅದಕ್ಕೆ ಎಷ್ಟು ಶ್ರಮ ತಗಲಿತು, ಅವರಿಗೆ ಸಮಾಧಾನವಾಯಿತೇ ಎಂಬುದು ಪ್ರಶ್ನೆ. ಇವುಗಳಿಗೆ ದೊರೆಯುವ ಉತ್ತರದಲ್ಲಿ ಬಳಕೆದಾರರ ಮಾತಿನ ಪಾಲು ದೊಡ್ಡದು. ಆ ಮಾತನ್ನು ತಪ್ಪಾಗಿ ಓದಿದರೆ ಅಳತೆಯೇ ತಪ್ಪುತ್ತದೆ. ಹುಬ್ಬಳ್ಳಿ-ಧಾರವಾಡದ ನುಡಿಯನ್ನು ಮುಂದಿಟ್ಟುಕೊಂಡು ಎರಡು ಪ್ರಚಲಿತ ವಿಧಾನಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದು, ಯೋಚನೆಯನ್ನು ನುಡಿಯುತ್ತ ಕೆಲಸ ಮಾಡಿಸುವ ವಿಧಾನ. ಎರಿಕ್‌ಸನ್ ಮತ್ತು ಸೈಮನ್ 1980ರಲ್ಲಿ ನುಡಿವರದಿಗಳಿಗೆ ಸೈದ್ಧಾಂತಿಕ ತಳಹದಿ ಒದಗಿಸಿದರು. 1982ರಲ್ಲಿ ಕ್ಲೇಟನ್ ಲೂಯಿಸ್ ಈ ವಿಧಾನವನ್ನು ಗಣಕ ವ್ಯವಸ್ಥೆಗಳ ಪರೀಕ್ಷೆಗೆ ಅಳವಡಿಸಿದರು. ಮನಸ್ಸಿನಲ್ಲಿ ಸುಳಿದುದನ್ನು ಹಾಗೆಯೇ ನುಡಿದರೆ ಚಿಂತನೆಯ ಕ್ರಮ ಕೆಡುವುದಿಲ್ಲ, ಕಾರಣ ವಿವರಿಸಲು ಹೇಳಿದರೆ ಕೆಡಬಹುದು ಎಂಬುದು ಎರಿಕ್‌ಸನ್-ಸೈಮನ್ ವಾದದ ಸಾರ. ಸೂಚನೆಗಳು ಗ್ರಾಂಥಿಕ ಕನ್ನಡದಲ್ಲಿದ್ದರೆ ಬಳಕೆದಾರರೂ ಆ ಶೈಲಿಗೆ ಹೊರಳುವ ಸಂಭವವಿದೆ. ಆಗ ‘ಎಲ್ಲಿ ಹೋತಿದು?’ ಎಂಬ ಸಹಜ ಉದ್ಗಾರದ ಬದಲು ತಿದ್ದಿದ ವಾಕ್ಯ ದಾಖಲಾಗುತ್ತದೆ. ತಿದ್ದಲು ಹಿಡಿದ ಕಾಲವು ಸಾಧನದ ದೋಷದ ಲೆಕ್ಕಕ್ಕೆ ಸೇರುತ್ತದೆ.

ಚಿಗರಿ ಬಸ್ಸಿಗೆ ಟಿಕೆಟ್ ಕೊಡುವ ಆ್ಯಪೊಂದರ ಮಾದರಿಯನ್ನು ಪರೀಕ್ಷಿಸುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ‘ಧಾರವಾಡಕ್ಕ ಒಂದು ಟಿಕೆಟ್ ತಗೀರಿ’ ಎಂದರೆ ‘ಆತ್ರಿ’ ಎಂಬ ಉತ್ತರ ಬರಬಹುದು. ಟಿಕೆಟ್ ಬಂದಾಗಲೂ ‘ಆತ್ರಿ’. ದಾರಿ ಕಾಣದೆ ಕೈಬಿಡುವಾಗಲೂ ‘ಆತ್ರಿ’. ‘ಆಗು’ ಧಾತುವಿನ ಈ ಭೂತರೂಪವು ಸಮ್ಮತಿ, ಪೂರ್ಣತೆ, ಸಂಭಾಷಣೆಯ ಮುಕ್ತಾಯ ಮೂರನ್ನೂ ಸೂಚಿಸಬಲ್ಲದು, ‘ರಿ’ ಗೌರವಸೂಚಕ. ಮಾತನ್ನಷ್ಟೇ ನಂಬಿ ‘ಕಾರ್ಯ ಪೂರ್ಣ’ ಎಂದು ಗುರುತು ಹಾಕಿದರೆ ಸೋಲೂ ಗೆಲುವಾಗಿ ದಾಖಲಾಗುತ್ತದೆ. ಪೂರ್ಣತೆಯನ್ನು ತೆರೆಯ ಮೇಲಿನ ಸ್ಥಿತಿಯಿಂದ ನಿರ್ಧರಿಸಿ, ಮಾತನ್ನು ಸ್ವರಭಾರದೊಡನೆ ಪ್ರತ್ಯೇಕವಾಗಿ ಲಿಪ್ಯಂತರಿಸಬೇಕು.

ಎರಡನೆಯದು ಪ್ರಶ್ನಾವಳಿ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಬಳಕೆಯೋಗ್ಯತಾ ಮಾಪಕದಲ್ಲಿ 10 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 5 ಹಂತಗಳಲ್ಲಿ ಉತ್ತರಿಸಬೇಕು. ಒಟ್ಟು ಅಂಕ 0ರಿಂದ 100. ಅನುಕೂಲ, ಪ್ರತಿಕೂಲ ಹೇಳಿಕೆಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ. ಪ್ರತಿಕೂಲ ಹೇಳಿಕೆಯ ಅನುವಾದ ‘ಹೊಂದಿಕೆ ಇಲ್ಲ’ ಎಂದಾದರೆ, ಅದಕ್ಕೆ ‘ಒಪ್ಪುವುದಿಲ್ಲ’ ಎಂಬ ಉತ್ತರದಲ್ಲಿ ವಾಕ್ಯಾಂತ್ಯದ ಎರಡು ನಿಷೇಧಗಳು ಎದುರಾಗುತ್ತವೆ. ಹೀಗೆ ಗೊಂದಲಗೊಂಡು ಒಂದೇ ಹೇಳಿಕೆಗೆ 1ರ ಬದಲು 5 ಗುರುತಿಸಿದರೂ ಒಟ್ಟು ಅಂಕ 10ರಷ್ಟು ಕುಸಿಯುತ್ತದೆ. ಇಂಗ್ಲಿಷಿನಲ್ಲಿ ಎಲ್ಲ ಹೇಳಿಕೆಗಳನ್ನೂ ಅನುಕೂಲ ರೂಪಕ್ಕೆ ತಂದರೂ ಅಂಕಗಳಲ್ಲಿ ಗಣನೀಯ ವ್ಯತ್ಯಾಸವಾಗದೆಂದು ಸೌರೋ ಮತ್ತು ಲೂಯಿಸ್ 2011ರಲ್ಲಿ ತೋರಿಸಿದ್ದಾರೆ. ಆ ಫಲಿತಾಂಶವನ್ನು ಕನ್ನಡಕ್ಕೆ ನೇರವಾಗಿ ಅನ್ವಯಿಸಲಾಗದು. ಎರಡು ರೂಪಗಳನ್ನೂ ಸ್ಥಳೀಯ ಭಾಷಿಕರ ಮುಂದಿಟ್ಟು ಹೋಲಿಸಬೇಕು.

ಕೊನೆಯದಾಗಿ, ಪರೀಕ್ಷಕರ ಎದುರು ನುಡಿದ ‘ಚೊಲೊ ಐತ್ರಿ’ ಎಂಬ ಮಾತು ತೃಪ್ತಿಯೂ ಇರಬಹುದು, ಬರಿಯ ಸೌಜನ್ಯವೂ ಇರಬಹುದು. ಕೆಲಸದ ದಾಖಲೆಯೊಡನೆ ಹೋಲಿಸಿದಲ್ಲದೆ ಅದನ್ನು ತೃಪ್ತಿಯೆಂದು ಎಣಿಸಲಾಗದು. ಮಾನದಂಡವು ಹೇಳುವ ‘ನಿರ್ದಿಷ್ಟ ಸಂದರ್ಭ’ದಲ್ಲಿ ಉಪಭಾಷೆಯೂ ಸೇರಿದೆ.